ತಟ್ಟದ ಜಟ್ಟಿ

ಇದು ನಡೆದದ್ದು ಆಷಾಢದಲ್ಲಿ, ಗುರುಪೂರ್ಣಿಮೆಗೆ ಎರಡು ದಿನ ಮೊದಲು.

ಶಿಷ್ಯನೊಬ್ಬ ತನ್ನ ಗುರುಗಳ ಬಳಿ ಬಂದು ಕೇಳಿದ: "ನನ್ನ ಹಳೆಯ ಗುರುಗಳು ಗುರುವಂದನೆಗೆ ಕರೆದಿದ್ದಾರೆ. ಹೋಗಿ ಕಾಲಿಗೆ ಬೀಳಲೇ, ಕೈ ಎತ್ತಲೇ?"

ಇವನು ಇಲ್ಲಿಗೆ ಬರುವ ಮೊದಲು ಒಬ್ಬ ಶಿಲ್ಪಿಯ ಬಳಿ ಕೆತ್ತನೆ ಕಲಿಯುತ್ತಿದ್ದ. ಕಲ್ಲಿನ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಶಿಲ್ಪಿ ಬಿಚ್ಚಿಸುತ್ತಿದ್ದರು. ಮೂರ್ತಿಯ ಎದುರು ಮುಖ ಮುಚ್ಚಿಕೊಳ್ಳುವವನಿಗೆ ಭಕ್ತಿ ಎಲ್ಲಿಂದ ಬರಬೇಕು ಎನ್ನುತ್ತಿದ್ದರು. ಧೂಳು ಎದೆಯಲ್ಲಿ ಉಳಿಯಿತು. ಈಗ ಒಂದು ಮಹಡಿ ಹತ್ತಿದರೆ ಅವನು ಕೂತು ಸುಧಾರಿಸಿಕೊಳ್ಳಬೇಕು.

"ಸಿಟ್ಟು ಇದೆಯೇ?" ಎಂದು ಗುರುಗಳು ಕೇಳಿದರು.

"ಇದೆ. ಇರಬಾರದು ಎನ್ನುತ್ತಾರೆ. ಗುರುವಿನ ಮೇಲೆ ಸಿಟ್ಟಾದವನಿಗೆ ವಿದ್ಯೆ ನಿಲ್ಲುವುದಿಲ್ಲವಂತೆ."

"ನಿನಗೆ ಎದೆಯಲ್ಲಿ ಉಸಿರೇ ನಿಲ್ಲುತ್ತಿಲ್ಲ. ವಿದ್ಯೆಯ ಮಾತು ಆಮೇಲೆ ಆಡೋಣ. ಕೂತುಕೋ."

ಶಿಷ್ಯ ಕೂತ. ಗುರುಗಳು ಈ ಕತೆ ಹೇಳಿದರು.

ಒಬ್ಬ ಜಟ್ಟಿ ಇದ್ದ. ಮಣ್ಣಿನ ಕಣದವನಲ್ಲ, ಪಂಜರದವನು. ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾಳಗ ಅದು. ಎಂಎಂಎ ಎನ್ನುತ್ತಾರೆ. ಸುತ್ತ ಬಲೆ ಕಟ್ಟಿ, ಇಬ್ಬರನ್ನು ಒಳಗೆ ಬಿಟ್ಟು ಬಾಗಿಲು ಹಾಕುತ್ತಾರೆ. ನೋಡಲು ಕ್ರೂರ. ಆದರೆ ಅದಕ್ಕೂ ಒಂದು ಧರ್ಮವಿದೆ. ಬಿಡಿಸಿಕೊಳ್ಳಲಾಗದ ಪಟ್ಟಿನಲ್ಲಿ ಸಿಕ್ಕವನು ಅಂಗೈಯಿಂದ ನೆಲ ತಟ್ಟಿದರೆ ಸೋಲೊಪ್ಪಿದಂತೆ. ಹಿಡಿದವನು ಬಿಡಬೇಕು. ಜಟ್ಟಿಗೆ ತಾಲೀಮು ಕೊಟ್ಟ ವಸ್ತಾದ ಬಲೆಯ ಹೊರಗೆ ನಿಂತಿರುತ್ತಾನೆ. ಅವನ ಹೆಗಲ ಮೇಲೆ ಒಂದು ಟವೆಲ್ ಇರುತ್ತದೆ. ತನ್ನವನಿಗೆ ಇನ್ನು ಸಾಕು ಎನ್ನಿಸಿದಾಗ ಅದನ್ನು ಒಳಗೆ ಎಸೆಯುತ್ತಾನೆ. ಕಾಳಗ ಅಲ್ಲಿಗೆ ನಿಲ್ಲುತ್ತದೆ.

ಈ ಜಟ್ಟಿಯ ವಸ್ತಾದ ತನ್ನ ತಾಲೀಮು ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದ: ಇಲ್ಲಿ ತಟ್ಟುವವರಿಲ್ಲ. ಅಭ್ಯಾಸದಲ್ಲಿ ತಟ್ಟಿದವನು ಆ ದಿನ ಎಲ್ಲರ ಚಪ್ಪಲಿ ಜೋಡಿಸಬೇಕಿತ್ತು. ಜಟ್ಟಿ ಸೇರಿದ ಹೊಸತರಲ್ಲಿ ಒಮ್ಮೆ ಜೋಡಿಸಿದ. ಆಮೇಲೆ ತಟ್ಟಲಿಲ್ಲ.

ಅದರಿಂದಲೇ ಅವನಿಗೆ ಹೆಸರು ಬಂತು. ಒಂದು ಕಾಳಗದಲ್ಲಿ ಮೊಣಕೈ ಕೀಲು ತಪ್ಪಿತು. ತಟ್ಟದೆ, ಉಳಿದ ಕೈಯಲ್ಲಿ ಗೆದ್ದ. ಇನ್ನೊಂದರಲ್ಲಿ ಎದುರಾಳಿ ಕುತ್ತಿಗೆ ಬಿಗಿದ. ಜಟ್ಟಿ ತಟ್ಟದೆ ಎಚ್ಚರ ತಪ್ಪಿದ. ಆ ರಾತ್ರಿ ಗೆದ್ದವನಿಗಿಂತ ಬಿದ್ದವನಿಗೇ ಹೆಚ್ಚು ಚಪ್ಪಾಳೆ. ಕಾಳಗಕ್ಕೆ ಮುಂಚೆ ತೂಕ ನೋಡುತ್ತಾರೆ, ಮಿತಿ ಮೀರಬಾರದು. ಅದಕ್ಕಾಗಿ ಜಟ್ಟಿ ನೀರು ಕುಡಿಯುವುದನ್ನು ಬಿಟ್ಟು, ಬಿಸಿ ಕೋಣೆಯಲ್ಲಿ ಕೂತು, ಮೈಯಲ್ಲಿದ್ದ ನೀರನ್ನೂ ಬಸಿಯುತ್ತಿದ್ದ. ಒಮ್ಮೆ ಮೂತ್ರ ಕೆಂಪಾಯಿತು. ವಸ್ತಾದನಿಗೆ ಹೇಳಿದ.

"ಗ್ಲೌಸಿನ ಬಣ್ಣಕ್ಕೆ ಹೊಂದುತ್ತೆ ಬಿಡಯ್ಯ," ಎಂದ ವಸ್ತಾದ.

ಸುತ್ತ ಇದ್ದವರು ನಕ್ಕರು. ಜಟ್ಟಿಯೂ ನಕ್ಕ.

ಪೋಸ್ಟರುಗಳಲ್ಲಿ ಅವನ ಹೆಸರು ಹಾಕುವುದನ್ನು ಬಿಟ್ಟರು. 'ತಟ್ಟದ ಜಟ್ಟಿ' ಎಂದರೆ ಸಾಕಾಗುತ್ತಿತ್ತು. ಅದನ್ನು ನೋಡಿ ತಾಲೀಮು ಮನೆಗೆ ಹುಡುಗರು ಸಾಲುಗಟ್ಟಿ ಬಂದರು.

ಕೊನೆಯ ಕಾಳಗದ ಮೊದಲ ಸುತ್ತಿನಲ್ಲಿ ಅವನ ಎಡಗಣ್ಣಿಗೆ ಪೆಟ್ಟು ಬಿತ್ತು. ಸುತ್ತು ಮುಗಿದು ಸ್ಟೂಲಿನ ಮೇಲೆ ಕೂತಾಗ ವಸ್ತಾದ ಆ ಕಣ್ಣಿನ ಮುಂದೆ ಬೆರಳು ಆಡಿಸಿದ. ರೆಪ್ಪೆ ಮಿಟುಕಲಿಲ್ಲ. ಇನ್ನೊಮ್ಮೆ ಆಡಿಸಿದ. ಆಮೇಲೆ ಪಂಜರದ ಬಳಿ ಇದ್ದ ವೈದ್ಯನಿಗೆ ಕಾಣದ ಹಾಗೆ ಅಡ್ಡ ನಿಂತು, "ಎಡಗೈ ಎತ್ತರಕ್ಕೆ ಇಟ್ಟುಕೋ," ಎಂದು ಹೇಳಿ ಒಳಗೆ ಕಳಿಸಿದ. ಎಡದಿಂದ ಬಂದ ಒಂದು ಪೆಟ್ಟೂ ಜಟ್ಟಿಗೆ ಕಾಣಲಿಲ್ಲ. ಅವನು ಪೆಟ್ಟು ತಿನ್ನುತ್ತಾ ಹೋದ. ಜನ ಎದ್ದು ನಿಂತು ಕೂಗಿದರು. ವಸ್ತಾದ ಹೆಗಲ ಮೇಲಿನ ಟವೆಲ್ ತೆಗೆದು, ಅದರಿಂದ ತನ್ನ ಬೆವರು ಒರೆಸಿಕೊಂಡು, ಮತ್ತೆ ಹೆಗಲ ಮೇಲೆ ಹಾಕಿಕೊಂಡ.

ಕೊನೆಗೆ ರೆಫರಿಯೇ ನಿಲ್ಲಿಸಿದ. ಕಣ್ಣು ಹೋಯಿತು. ಜಟ್ಟಿ ನಿವೃತ್ತನಾದ.

ಒಂದು ಕಣ್ಣಿಗೆ ದೂರದ ಅಂದಾಜು ಸರಿಯಾಗಿ ಸಿಗುವುದಿಲ್ಲ. ಮನೆಯಲ್ಲಿ ಅವನು ಚಹಾ ಸುರಿದರೆ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಹೆಂಡತಿ ಮೊದಮೊದಲು ಬೈದಳು. ಆಮೇಲೆ ಬೈಯುವುದನ್ನು ಬಿಟ್ಟು ಸುಮ್ಮನೆ ಒರೆಸತೊಡಗಿದಳು. ಅವಳು ಬೈಯುವುದನ್ನು ಬಿಟ್ಟ ದಿನ ಅವನಿಗೆ ಸಿಟ್ಟು ಬಂತು. ಪಂಜರದೊಳಗೆ ಒಮ್ಮೆಯೂ ಬರದಿದ್ದ ಸಿಟ್ಟು. ಅದು ಹೋಗಲಿಲ್ಲ. ಅದರ ಜೊತೆಯಲ್ಲೇ ಉಂಡ, ಮಲಗಿದ.

ಮರುವರ್ಷ ವಸ್ತಾದ ಅವನನ್ನು ಸನ್ಮಾನಕ್ಕೆ ಕರೆದ. ತಾಲೀಮು ಮನೆಯಲ್ಲಿ ಹೊಸ ಜಟ್ಟಿಗಳು ಚಾಪೆಯ ಸುತ್ತ ಕೂತಿದ್ದರು. ಮುಂದಿನ ವಾರ ಪಂಜರಕ್ಕೆ ಇಳಿಯಬೇಕಾದವನು ಮುಂದಿನ ಸಾಲಿನಲ್ಲಿದ್ದ. ಅವನ ಮೊಣಕಾಲು ಕುಂಬಳದಷ್ಟು ಊದಿತ್ತು. ಕಾಲು ಮಡಚಲಾಗದೆ ನೀಡಿಕೊಂಡು ಕೂತಿದ್ದ. ಜಟ್ಟಿ ಅದನ್ನು ನೋಡಿದ. ವಸ್ತಾದ ಜಟ್ಟಿಗೆ ಶಾಲು ಹೊದಿಸಿ ಪೇಟ ಇಟ್ಟ.

"ಇವರಿಗೆ ಎರಡು ಮಾತು ಹೇಳಪ್ಪಾ. ತಟ್ಟದೆ ಹೇಗೆ ನಿಂತೆ ಅಂತ ಹೇಳು. ಈಗಿನವರು ಸೊಳ್ಳೆ ಕಚ್ಚಿದರೂ ತಟ್ಟುತ್ತಾರೆ."

ಎಲ್ಲರೂ ನಕ್ಕರು. ಜಟ್ಟಿ ನಗಲಿಲ್ಲ.

"ಆ ದಿನ ನನಗೆ ಎಡಗಣ್ಣು ಕಾಣುತ್ತಿಲ್ಲ ಎಂದು ನಿಮಗೆ ಗೊತ್ತಾಗಿತ್ತು. ಟವೆಲ್ ಯಾಕೆ ಎಸೆಯಲಿಲ್ಲ?"

"ನೀನು ಕೇಳಲಿಲ್ಲವಲ್ಲ, ಮಗನೇ," ಎಂದ ವಸ್ತಾದ. ಹುಡುಗರ ಕಡೆ ತಿರುಗಿ, "ನೋಡಿದಿರಾ? ಕೇಳುವ ಜಾತಿಯವನೇ ಅಲ್ಲ ಇವನು," ಎಂದ.

ಹುಡುಗರು ಚಪ್ಪಾಳೆ ತಟ್ಟಿದರು.

"ಕೇಳುವ ಸ್ಥಿತಿ ನನಗಿರುವುದಿಲ್ಲ ಎಂದೇ ಟವೆಲನ್ನು ನಿಮ್ಮ ಹೆಗಲಿಗೆ ಹಾಕುವುದು," ಎಂದ ಜಟ್ಟಿ.

ಚಪ್ಪಾಳೆ ನಿಂತಿತು. ವಸ್ತಾದನಿಗೆ ಇದು ಹಿಡಿಸಲಿಲ್ಲ. ಆದರೆ ಹುಡುಗರು ನೋಡುತ್ತಿದ್ದರು. "ಹಳೆಯದನ್ನು ಬಿಡು. ನಿನ್ನ ಕೈಪಟ್ಟು ತೋರಿಸು ಇವರಿಗೆ. ನನ್ನ ಮೇಲೇ ತೋರಿಸು," ಎಂದು ಚಾಪೆಯ ಮೇಲೆ ಅಂಗಾತ ಮಲಗಿ ತೋಳು ಚಾಚಿದ. ವಸ್ತಾದರಲ್ಲಿ ಇದು ರೂಢಿ. ಪಟ್ಟು ತೋರಿಸುವಾಗ ತಮ್ಮ ಮೈಯನ್ನೇ ಕೊಡುತ್ತಾರೆ. ಕಲಿತವನು ಹುಷಾರಾಗಿ ಹಿಡಿದು, ಹುಷಾರಾಗಿ ಬಿಟ್ಟು, ಕಾಲು ಮುಟ್ಟಿ ನಮಸ್ಕರಿಸುತ್ತಾನೆ.

ಜಟ್ಟಿ ಪೇಟ ತೆಗೆದಿಟ್ಟ. ಶಾಲು ಮಡಚಿಟ್ಟ. ವಸ್ತಾದನ ಪಕ್ಕ ಕೂತು, ಅವನ ತೋಳನ್ನು ತನ್ನ ತೊಡೆಗಳ ನಡುವೆ ತೆಗೆದುಕೊಂಡು ಹಿಂದಕ್ಕೆ ಒರಗಿದ. ಮೊಣಕೈ ಬಾಗಿಲಿನ ಕೀಲಿನ ಹಾಗೆ. ಒಂದೇ ಕಡೆಗೆ ಮಡಚುತ್ತದೆ. ಅವನು ಸೊಂಟವನ್ನು ಇನ್ನೊಂದು ಕಡೆಗೆ ಎತ್ತಿದ, ಸ್ವಲ್ಪವೇ.

ವಸ್ತಾದ ನಗುತ್ತಿದ್ದ. ಜಟ್ಟಿ ಇನ್ನೂ ಸ್ವಲ್ಪ ಎತ್ತಿದ. ನಗು ನಿಂತಿತು.

"ಸಾಕು. ಗೊತ್ತಾಯ್ತು ಇವರಿಗೆ," ಎಂದ ವಸ್ತಾದ.

"ಇಲ್ಲಿ ಬಾಯಿಮಾತು ನಡೆಯುವುದಿಲ್ಲ ಎಂದು ನೀವೇ ಹೇಳಿಕೊಟ್ಟದ್ದು," ಎಂದ ಜಟ್ಟಿ. ಇನ್ನೂ ಸ್ವಲ್ಪ ಎತ್ತಿದ.

ಎಲ್ಲರೂ ವಸ್ತಾದನ ಇನ್ನೊಂದು ಕೈಯನ್ನೇ ನೋಡುತ್ತಿದ್ದರು. ಅದು ಚಾಪೆಯ ಮೇಲೆ ಸಡಿಲವಾಗಿ ಬಿದ್ದಿತ್ತು. ಬೆರಳುಗಳು ಮಡಚಿ ಮುಷ್ಟಿಯಾದವು. ಮುಷ್ಟಿ ಬಿಚ್ಚಿತು. ಆಮೇಲೆ ಅಂಗೈ ಚಾಪೆಯನ್ನು ತಟ್ಟಿತು. ಹಿಂದಿನ ಸಾಲಿಗೂ ಕೇಳಿಸಿತು.

ಜಟ್ಟಿ ಎದ್ದು ನಿಂತು ಹುಡುಗರಿಗೆ ಹೇಳಿದ:

"ನೋಡಿದಿರಲ್ಲ. ವಸ್ತಾದರಿಗೆ ತಟ್ಟಲು ಬರುತ್ತದೆ. ನಮಗೆ ಮಾತ್ರ ಕಲಿಸಲಿಲ್ಲ."

ಅವನು ಕಾಲು ಮುಟ್ಟಲಿಲ್ಲ. ಶಾಲನ್ನೂ ಪೇಟವನ್ನೂ ಅಲ್ಲೇ ಬಿಟ್ಟು ಹೋದ. ಮುಂದಿನ ಸಾಲಿನಲ್ಲಿದ್ದವನು ಪಕ್ಕದವನ ಹೆಗಲು ಹಿಡಿದು ಎದ್ದು, ಕುಂಟುತ್ತ ಅವನ ಹಿಂದೆ ಹೊರಗೆ ಬಂದ. ಮುಂದಿನ ವಾರ ಪಂಜರಕ್ಕೆ ಇಳಿಯಲಿಲ್ಲ. ವಸ್ತಾದ ತೋಳು ಹಿಡಿದುಕೊಂಡು ಇನ್ನೂ ಚಾಪೆಯ ಮೇಲೇ ಕೂತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಕೆಂಪಾಗಿತ್ತು. "ಮುರಿಯಬೇಕಿತ್ತು," ಎಂದ. "ಎರಡು ಕಣ್ಣಿದ್ದವನ ಒಂದು ಕಣ್ಣು ತೆಗೆದವನು. ನಾನಾಗಿದ್ದರೆ ಆ ಕೈಯನ್ನು ಮುರಿದೇ ಏಳುತ್ತಿದ್ದೆ."

"ಮುರಿಯುವಷ್ಟು ಸಿಟ್ಟು ಅವನಿಗೂ ಇತ್ತು. ಈಗಲೂ ಇದೆ. ಇರಲಿ. ಅದನ್ನು ಬಿಟ್ಟುಬಿಡು ಎಂದು ಅವನಿಗೂ ಹೇಳಲಾರೆ, ನಿನಗೂ ಹೇಳಲಾರೆ."

"ಹಾಗಾದರೆ ಚೆನ್ನಾಗಿ ತಟ್ಟಿಸಿಯೇ ಬಿಟ್ಟಿರಬೇಕು," ಎಂದ ಶಿಷ್ಯ. "ಎಷ್ಟು ಸಲ ತಟ್ಟಿದ ಮೇಲೆ ಬಿಟ್ಟ? ಹತ್ತು? ಇಪ್ಪತ್ತು?"

ಗುರುಗಳು ಹೇಳಿದರು: "ಒಂದು."