ಮರಿಕೆಂಚ ಕಂಡ ದೊಡ್ಡ ದಿನ

ಕೇಳ್ರಪ್ಪಾ, ಕಿವಿಗೊಟ್ಟು ಕೇಳಿ. ನಿಂಗಾಜಮ್ಮನಿಗೆ ಒಬ್ಬನೇ ಮಗ, ಮರಿಕೆಂಚ. ಆಳು ನೋಡಿದರೆ ಆನೆ, ಬುದ್ಧಿ ನೋಡಿದರೆ ಎಳೆಗರು. ಬಾಗಿಲು ನೋಡ್ಕೋ ಅಂದರೆ ಬಾಗಿಲನ್ನೇ ನೋಡ್ತಾ ನಿಲ್ಲೋನು! ಕಾಡಿ ಬೇಡಿ ತಾಯಿ ಅವನಿಗೆ ಊರ ಲೈಬ್ರರಿಯಲ್ಲಿ ಜವಾನನ ಕೆಲಸ ಕೊಡಿಸಿದಳು.

"ಮಗಾ, ಹೇಳಿದ್ದನ್ನ ಹೇಳಿದಂಗೆ ಮಾಡು. ಈ ಕೆಲಸ ಹೋದ್ರೆ ಇನ್ನು ಯಾರೂ ಕೊಡಾಕಿಲ್ಲ!"

"ಆಗಲಿ ಕಣವ್ವಾ!"

ಲೈಬ್ರರಿಯ ವಿಶಾಲಾಕ್ಷಮ್ಮ ದಿನಾ ಬೋರ್ಡಿನಲ್ಲಿ "ಚರಿತ್ರೆಯಲ್ಲಿ ಈ ದಿನ" ಬರೆಯೋರು. ಮೇ ಇಪ್ಪತ್ತೊಂಬತ್ತರ ಬೆಳಿಗ್ಗೆ ಬರೆದರು: "ಈ ದಿನ ಕಾನ್‌ಸ್ಟಾಂಟಿನೋಪಲ್ ನಗರ ಬಿತ್ತು."

"ಇದನ್ನ ಎಲ್ರಿಗೂ ಓದಿ ಹೇಳಪ್ಪಾ" ಅಂದರು.

ಮರಿಕೆಂಚ ಸಂತೆಬೀದಿಗೆ ಓಡಿದ. "ಪಟ್ಟಣ ಬಿತ್ರಪ್ಪೋ! ಈ ದಿನವೇ ಬಿತ್ರಪ್ಪೋ! ಹಾರೆ ತನ್ನಿ, ಪಿಕಾಸಿ ತನ್ನಿ!"

ಹೆಂಗಸರು ಕೂಸು ಎತ್ಕೊಂಡು ಓಡಿದರು. ಬೋಂಡದವನು ಬಾಣಲೆ ಬಿಟ್ಟು ಓಡಿದ.

"ಅಯ್ಯೋ ದಡ್ಡಾ!" ಅಂದಳು, ವಿಶಾಲಾಕ್ಷಮ್ಮನ ಹತ್ರ ವಿಷಯ ಕೇಳ್ಕೊಂಡು ಬಂದ ನಿಂಗಾಜಮ್ಮ. "ಅದು ಐನೂರು ವರ್ಷದ ಹಿಂದಿನ ಮಾತಂತೆ ಕಣೋ! ಬಿತ್ತು ಅಂದ್ರೆ ಓಡಬ್ಯಾಡ. ಇದ್ದಲ್ಲೇ ಕೂತ್ಕೊಂಡು 'ಆಗಿದ್ದಾಯ್ತು ಬುಡಿ' ಅನ್ನು!"

"ಆಗಲಿ ಕಣವ್ವಾ!"

ಮಧ್ಯಾಹ್ನ ವಿಶಾಲಾಕ್ಷಮ್ಮ ಸ್ಟೂಲು ಹತ್ತಿ ಪುಸ್ತಕ ತೆಗೆಯೋಕೆ ಹೋಗಿ ಜಾರಿದರು. "ಮರಿಕೆಂಚಾ, ಬಿದ್ದೆ ಕಣೋ!"

ಮರಿಕೆಂಚ ಇದ್ದಲ್ಲೇ ಕೂತ. "ಆಗಿದ್ದಾಯ್ತು ಬುಡಿ ಅಮ್ಮಾ."

"ಎತ್ತೋ ನನ್ನ!"

"ಐನೂರು ವರ್ಷದ ಹಿಂದಿನ ಮಾತು, ಬುಡಿ ಅಮ್ಮಾ!"

ಆಯಮ್ಮ ತಾವೇ ಎದ್ದು, ಸೊಂಟ ಹಿಡಕೊಂಡು ಗುಡುಗಿದರು. "ಇನ್ನೊಂದು ತಪ್ಪು ಮಾಡು, ಮನೆಗೆ ನಡಿ!"

ಸುದ್ದಿ ಕೇಳಿ ನಿಂಗಾಜಮ್ಮ ಹಣೆ ಚಚ್ಚಿಕೊಂಡಳು. "ಬಿದ್ದೋರನ್ನ ಎತ್ತಬೇಕು ಕಣೋ, ಗೆದ್ದೋರಿಗೆ ಹಾರ ಹಾಕಬೇಕು! ಸಂಜೆ ಲೈಬ್ರರೀಲಿ ಸಭೆ ಅದೆ. ಎಲ್ಲಾರಿಗಿಂತ ದೊಡ್ಡ ಕೆಲಸ ಮಾಡಿದೋರು ಯಾರು ಅಂತ ಕೇಳಿಸ್ಕೊಂಡು ಅವರಿಗೆ ಹಾರ ಹಾಕು!"

"ಆಗಲಿ ಕಣವ್ವಾ!" ಅಂದ ಮರಿಕೆಂಚ. ಈ ಸಲ ಕಣ್ಣಲ್ಲಿ ನೀರಿತ್ತು. ಆ ಕೆಲಸ ಅವನಿಗೂ ಇಷ್ಟವಾಗಿತ್ತು.

ಸಂಜೆ ಚರಿತ್ರೆಯ ಪುಟ್ಟಬಸಪ್ಪ ಮೇಷ್ಟ್ರು ಭಾಷಣಕ್ಕೆ ನಿಂತರು. "ಸಾವಿರ ವರ್ಷ ಬಾಳಿದ ರಾಜಧಾನಿ ಬಿದ್ದಿದ್ದು ಈ ದಿನ! ಹಾಡುಹಗಲೇ ಸೂರ್ಯ ಮರೆಯಾಗಿ, ಅವನ ಪಕ್ಕ ಹಾದುಬರೋ ನಕ್ಷತ್ರದ ಬೆಳಕೂ ಬಾಗುತ್ತೆ ಅಂತ ತೋರಿಸಿಕೊಟ್ಟ ಗ್ರಹಣ ಈ ದಿನ! ಎವರೆಸ್ಟಿನ ತುದಿಯಲ್ಲಿ ಮನುಷ್ಯ ಕಾಲಿಟ್ಟಿದ್ದು ಈ ದಿನ! ವರ್ಷ ಬೇರೆ ಬೇರೆ, ದಿನ ಒಂದೇ!"

ಮರಿಕೆಂಚನಿಗೆ ಮೈ ಜುಂ ಅಂತು. ಒಂದೇ ದಿನವಾ! ಇಷ್ಟೆಲ್ಲಾನಾ!

ಭಾಷಣ ಮುಗೀತು. ಮೇಷ್ಟ್ರು ಕೊರಳು ಬಗ್ಗಿಸಿದರು. ಮರಿಕೆಂಚ ಹಾರ ಹಿಡಿದು ಬಂದ, ಬಂದ, ಮೇಷ್ಟ್ರನ್ನ ದಾಟೇ ಹೋದ! ಗೋಡೆಯ ಕ್ಯಾಲೆಂಡರಿಗೆ ಹಾರ ಹಾಕಿ ಕೈಮುಗಿದು ನಿಂತ.

"ಏನೋ ಇದು!" ವಿಶಾಲಾಕ್ಷಮ್ಮ ಕಿರುಚಿದರು.

"ನೀವೇ ನೋಡ್ರಮ್ಮಾ! ಬೆಳಿಗ್ಗೆ ಪಟ್ಟಣ ಬೀಳಿಸ್ತು, ಮಧ್ಯಾಹ್ನ ಸೂರ್ಯನ್ನ ಮುಚ್ತು, ಸಂಜೆಗೆ ಬೆಟ್ಟನೂ ಹತ್ತಿಸ್ತು! ಈ ದಿನಕ್ಕಿಂತ ದೊಡ್ಡ ಕೆಲಸ ಮಾಡಿದೋರು ಯಾರವ್ರೆ? ನಮ್ಮವ್ವನ ಕೈಲೂ ಆಗಾಕಿಲ್ಲ!"

ಸಭೆಯಲ್ಲಿ ಕೂತಿದ್ದ ನಿಂಗಾಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ವಿಶಾಲಾಕ್ಷಮ್ಮ "ಮನೆಗೆ ನಡಿ" ಅನ್ನೋಕೆ ಬಾಯಿ ತೆರೆದರು. ಮೇಷ್ಟ್ರು ಕೈ ಅಡ್ಡ ಹಿಡಿದರು.

"ಬೈಬೇಡಿ ತಾಯಿ. ಜೀವಮಾನವೆಲ್ಲ ಪಾಠ ಹೇಳಿದ್ದೀನಿ, ಇಷ್ಟು ಬೆರಗಾದ ಒಬ್ಬ ಶಿಷ್ಯನೂ ಸಿಗಲಿಲ್ಲ. ಇವನು ಇಲ್ಲೇ ಇರಲಿ."

"ಮರಿಕೆಂಚಾ, ದೊಡ್ಡೋರಿಗೆ ಕಾಫಿನಾದ್ರೂ ಕೊಡೋ!" ಅಂದಳು ತಾಯಿ.

"ಆಗಲಿ ಕಣವ್ವಾ!" ಅಂದ ಮರಿಕೆಂಚ. ಬಿಸಿಬಿಸಿ ಲೋಟ ತಂದ. ಕ್ಯಾಲೆಂಡರಿನ ಮುಂದೆ ಹಿಡಿದು, ಉಫ್ ಉಫ್ ಅಂತ ಊದಿದ.

"ಕುಡಿಯಪ್ಪಾ, ಬೆಳಿಗ್ಗೆಯಿಂದ ದಣಿದಿದ್ದೀಯ!"