ನಿಂಬೆವ್ವನನ್ನು ಒಯ್ಯದ ಗಾಡಿ

ಹೊಳೆದಂಡೆಯ ಆಶ್ರಮದಲ್ಲಿ ಹಳೆಯ ಡೀಸೆಲ್ ಕಾರೊಂದಿತ್ತು. ಅದನ್ನು ಓಡಿಸುತ್ತಿದ್ದವನು ಶಿಷ್ಯ ರೇವಯ್ಯ.

ಒಂದು ಮುಂಜಾನೆ ಅಡುಗೆಯ ನಿಂಬೆವ್ವ ಎದೆ ಹಿಡಿದುಕೊಂಡು ಒಲೆಯ ಮುಂದೆ ಕುಸಿದಳು. ಗುರುಗಳು ಪರವೂರಿಗೆ ಹೋಗಿದ್ದರು. ರೇವಯ್ಯ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕೀಲಿ ತಿರುವಿದ.

ಕಟ್ ಎಂದಿತು. ಅಷ್ಟೇ.

‘ಬ್ಯಾಟರಿ ಹೋಗೇತಿ’ ಎಂದವನೇ ಸೈಕಲ್ ಹತ್ತಿ ಪೇಟೆಗೆ ಓಡಿದ. ಹೊಸ ಬ್ಯಾಟರಿ ತಂದು ಕೂಡಿಸಿದ. ಮತ್ತೆ ಅದೇ ಕಟ್.

ಕೊನೆಗೆ ಯಾರದೋ ಟ್ರ್ಯಾಕ್ಟರ್ ಸಿಕ್ಕಿತು. ಆಸ್ಪತ್ರೆ ಮುಟ್ಟುವ ಮೊದಲೇ ನಿಂಬೆವ್ವನ ಉಸಿರು ನಿಂತಿತು.

ಮಣ್ಣು ಮಾಡುವ ಹೊತ್ತಿಗೆ ಅವಳ ಮಗಳು ದಾನಮ್ಮ ಹೊಳೆಯಾಚೆಯ ಊರಿನಿಂದ ಬಂದಳು. ‘ಗಾಡಿ ಯಾಕ ಚಾಲೂ ಆಗಲಿಲ್ಲೋ ಅಣ್ಣಾ?’ ಎಂದು ಕೇಳಿದಳು.

‘ಬ್ಯಾಟರಿ ಸತ್ತಿತ್ತು ತಂಗಿ. ನಮ್ಮ ಕೈಯಾಗ ಏನೂ ಇರಲಿಲ್ಲ’ ಎಂದ ರೇವಯ್ಯ.

ಗುರುಗಳು ಮರಳಿದ ದಿನ ಅವನು ಕೀಲಿಯನ್ನು ಅವರ ಪಾದದ ಬಳಿ ಇಟ್ಟ.

‘ಇನ್ನ ನಾ ಇದನ್ನ ಮುಟ್ಟೂದಿಲ್ರಿ ಅಜ್ಜಾರ. ಗುಜರಿಗೆ ಹಾಕಿಬಿಡ್ರಿ.’

‘ಏನಾಗಿತ್ತು ಅದಕ್ಕ?’

‘ಗೊತ್ತಿಲ್ರಿ.’

‘ಗೊತ್ತಿಲ್ಲದ ಹ್ಯಾಂಗ ಗುಜರಿಗೆ ಹಾಕೂದು? ಏಳು.’

ರೇವಯ್ಯನಿಗಿಂತ ಮೊದಲು ಆ ಗಾಡಿ ಓಡಿಸಿದವರು ಗುರುಗಳೇ. ಬಾನೆಟ್ ಎತ್ತಿ ನಿಂತರು.

‘ಮುಂದಿನ ಲೈಟ್ ಹಾಕು. ಈಗ ಕೀಲಿ ತಿರುವು.’

ಕಟ್.

‘ಲೈಟ್ ಏನಾತು?’

ಎದುರಿನ ಗೋಡೆಯ ಮೇಲೆ ಬೆಳಕು ಕುಗ್ಗಿರಲಿಲ್ಲ. ‘ಹಂಗ ಐತ್ರಿ.’

‘ಬ್ಯಾಟರಿ ಸತ್ತಿದ್ದರ?’

‘ಮಂಕಾಗತಿತ್ರಿ.’

‘ಅವತ್ತ ಲೈಟ್ ಹಾಕಿ ನೋಡಿದ್ಯಾ?’

‘ಇಲ್ರಿ.’

ಗುರುಗಳು ದಪ್ಪನೆಯ ವೈರೊಂದನ್ನು ತಂದು, ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಿ, ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿದರು.

‘ಎಂಜಿನ್ ಕಾಯಿಸೂ ಹೀಟರಿನ ದೀಪ ಆರಲಿ. ಹೂಂ, ಈಗ.’

ಎಂಜಿನ್ ಗುಡುಗಿ ಎದ್ದಿತು.

ರೇವಯ್ಯ ಸ್ಟಿಯರಿಂಗ್ ಮೇಲೆ ತಲೆಯಿಟ್ಟ. ಬಿಕ್ಕಿ ಅತ್ತ.

ಗುರುಗಳು ಎಂಜಿನ್ ಆರಿಸಲು ಹೇಳಿ, ಅವನನ್ನು ಕೆಳಗಿಳಿಸಿ ತೋರಿಸಿದರು. ಎಂಜಿನ್ನಿನಿಂದ ಗಾಡಿಯ ಮೈಗೆ ಕರೆಂಟ್ ಒಯ್ಯುವ ಅರ್ಥಿಂಗ್ ಪಟ್ಟಿ. ಅದರ ಬೋಲ್ಟಿನ ಸುತ್ತ ಹಸಿರು ಕಿಲುಬು ಹಿಡಿದು ಕರೆಂಟಿಗೆ ಅಡ್ಡಬಂದಿತ್ತು. ರೇವಯ್ಯ ಬೋಲ್ಟ್ ಬಿಚ್ಚಿದ, ಉಪ್ಪುಕಾಗದ ಹಾಕಿ ತಿಕ್ಕಿದ. ತಾಮ್ರ ಹೊಳೆದ ಮೇಲೂ ತಿಕ್ಕುತ್ತಲೇ ಇದ್ದ.

‘ಸಾಕು’ ಎಂದರು ಗುರುಗಳು.

ಬಿಗಿದು ಕೀಲಿ ತಿರುವಿದ. ಮೊದಲ ಸಲಕ್ಕೇ ಚಾಲೂ ಆಯಿತು.

‘ನಿಂಬೆವ್ವನ ಮಗಳಿಗೆ ಏನಂತ ಹೇಳೀದಿ?’

‘ಬ್ಯಾಟರಿ ಸತ್ತಿತ್ತು ಅಂತ್ರಿ.’

‘ಹೊಸಾದು ಕೂಡಿಸಿ ನೋಡಿದ ಮ್ಯಾಲೂ?’

ರೇವಯ್ಯ ತಲೆ ತಗ್ಗಿಸಿದ. ಹಾಗೇ ಕೇಳಿದ: ‘ಅವತ್ತ ಇಷ್ಟು ನೋಡಿದ್ದರ ನಿಂಬೆವ್ವ ಉಳೀತಿದ್ದಳೇನ್ರಿ, ಅಜ್ಜಾರ?’

‘ನನಗ ಗೊತ್ತಿಲ್ಲ.’

ಗುರುಗಳ ಕಣ್ಣೂ ಒದ್ದೆಯಾಗಿತ್ತು. ಆಕೆಯ ಕೈಯ ಊಟ ಅವರೂ ಉಂಡವರು.

ಎಂಜಿನ್ ನಿಲ್ಲಿಸಲೆಂದು ರೇವಯ್ಯ ಕೀಲಿಗೆ ಕೈ ಹಾಕಿದ.

ಗುರುಗಳು ಅವನ ಮುಂಗೈ ಹಿಡಿದರು.

‘ಆರಿಸಬ್ಯಾಡ ತಮ್ಮಾ. ಸೇತುವೆ ದಾಟಿದರ ದಾನಮ್ಮನ ಊರು.’