ಅಳಿಲು ಕಲಿಸಿದ ತಲೆಕೆಳಗು ಪಾಠ

ಒಂದು ಕಾಡಿನಲ್ಲಿ, ಆಲದ ಮರದ ಬುಡದಲ್ಲಿ, ಆಮೆ ಟೀಚರು ಶಾಲೆ ನಡೆಸುತ್ತಿದ್ದರು. ಅಲ್ಲಿ ಕಲಿಯಬೇಕಾದದ್ದು ಎರಡೇ ಕೂಗು. ಹದ್ದು ಕಂಡರೆ ‘ಕ್ಯಾಕ್’ ಎನ್ನಬೇಕು, ಕೇಳಿದವರು ಪೊದೆಯೊಳಗೆ ನುಗ್ಗಬೇಕು. ಚಿರತೆ ಕಂಡರೆ ‘ಹೂಪ್’ ಎನ್ನಬೇಕು, ಕೇಳಿದವರು ಮರ ಹತ್ತಬೇಕು.

ತರಗತಿಗೆಲ್ಲ ಅಳಿಲು ಚಟಾಕಿಯೇ ಮೊದಲು. ಯಾರಿಗಾದರೂ ಮರೆತುಹೋದೀತೆಂದು ದಿನಾ ಬೆಳಿಗ್ಗೆ ಅವನೇ ಅದನ್ನು ನೆನಪಿಸುತ್ತಿದ್ದ. ಅಷ್ಟು ಉಪಕಾರಿ!

ಹಿಂದುಳಿದವರು ಇಬ್ಬರು. ಒಬ್ಬ ಕರಿಮುಖದ ಮುಸುವ ಕೋತಿಯ ಮರಿ ದುಂಡಿ. ಅವನ ದನಿ ಗುಡ್ಡದಾಚೆಗೂ ಕೇಳುತ್ತಿತ್ತು, ಆದರೆ ಯಾವಾಗ ಯಾವ ಕೂಗು ಎಂಬುದೇ ತಲೆಗೆ ಹತ್ತುತ್ತಿರಲಿಲ್ಲ. ಇನ್ನೊಬ್ಬ ಓತಿಕ್ಯಾತ ಕೆಂಚ. ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದುದರಿಂದ, ಅವನಿಗೇನೂ ಅರ್ಥವಾಗಿಲ್ಲವೆಂದು ತಿಳಿಯುವಷ್ಟರಲ್ಲಿ ಬೇಸಿಗೆಯೇ ಬಂದಿತ್ತು.

“ಚಟಾಕಿ, ದುಂಡಿಗೆ ನೀನು ಹೇಳಿಕೊಡು. ದುಂಡಿ, ಕಲಿತದ್ದನ್ನು ನೀನು ಕೆಂಚನಿಗೆ ಹೇಳಿಕೊಡು,” ಎಂದರು ಟೀಚರು. “ಮಳೆಗಾಲಕ್ಕೆ ಮುಂಚೆ ಪರೀಕ್ಷೆ. ಪಾಸಾದವರಲ್ಲಿ ಯಾರ ದನಿ ಗಟ್ಟಿಯೋ ಅವರೇ ಕಾಡಿನ ಕಾವಲುಗಾರರು. ಫೇಲಾದರೆ ದುಂಡಿ, ಮೊನ್ನೆ ಮೊನ್ನೆ ಕಣ್ಣು ಬಿಟ್ಟ ಮರಿಗಳ ಜೊತೆ ಮತ್ತೆ ಕೂರಬೇಕು.”

“ಅದಕ್ಕೇನಂತೆ ಟೀಚರ್! ದುಂಡಿ ನನ್ನ ತಮ್ಮ ಇದ್ದ ಹಾಗೆ,” ಎಂದ ಚಟಾಕಿ. ತನ್ನದು ಬರೀ ಕೀಚು ದನಿ. ಈ ತಮ್ಮ ಪಾಸಾದರೆ ಕಾವಲುಗಾರಿಕೆ ಕೈತಪ್ಪಿದಂತೆಯೇ ಎಂದು ಅವನಾಗಲೇ ಲೆಕ್ಕ ಹಾಕಿದ್ದ.

ಪಾಠ ಶುರುವಾಯಿತು.

“ಹದ್ದು ಬಂದರೆ ಹೂಪ್, ಚಿರತೆ ಬಂದರೆ ಕ್ಯಾಕ್. ಬಾಯಿಪಾಠ ಮಾಡು.”

“ಅಣ್ಣಾ, ಟೀಚರು ಬೇರೆ ಥರ ಹೇಳಿದ ಹಾಗಿತ್ತಲ್ಲ?”

“ಪ್ರಶ್ನೆ ಕೇಳುವವರು ದಡ್ಡರು ಕಣೋ. ಜಾಣರು ಸುಮ್ಮನೆ ಒಪ್ಪಿಕೊಳ್ಳುತ್ತಾರೆ.”

ದುಂಡಿ ಒಪ್ಪಿಕೊಂಡ. ಕೊಂಬೆಯಿಂದ ಕೊಂಬೆಗೆ ಹಾರುತ್ತ ಅದನ್ನೇ ಉರುಹೊಡೆದ. ಶಿಷ್ಯನ ಶ್ರದ್ಧೆ ಕಂಡು ಚಟಾಕಿ ಗುರುಗಳಿಗೆ ಎದೆ ತುಂಬಿ ಬಂತು. ಮತ್ತೆ ಅವರು ಆ ಕಡೆ ತಲೆ ಹಾಕಲಿಲ್ಲ.

ಪರೀಕ್ಷೆಯ ದಿನ ದುಂಡಿ ಎತ್ತರದ ಕೊಂಬೆಯ ಮೇಲೆ ಕೂತ. ಆಮೆ ಟೀಚರು ಮೊದಲ ಪ್ರಶ್ನೆ ಕೇಳಲು ಬಾಯಿ ತೆರೆಯುತ್ತಿದ್ದರು. ಅದಕ್ಕೆ ಸಾಕಷ್ಟು ಸಮಯ ಹಿಡಿಯುತ್ತಿತ್ತು. ಅಷ್ಟರಲ್ಲಿ ದುಂಡಿ ಕಾಡೇ ನಡುಗುವಂತೆ ಕೂಗಿದ: “ಕ್ಯಾಕ್! ಕ್ಯಾಕ್!”

ದುಂಡಿಯೂ ಕೆಳಗೆ ಜಿಗಿದ, ಎಲ್ಲರೂ ಪೊದೆಗೆ ನುಗ್ಗಿದರು. ಟೀಚರು ಚಿಪ್ಪಿನೊಳಗೆ ತಲೆ ಎಳೆದುಕೊಂಡರು. ಚಟಾಕಿಗೆ ಮಾತ್ರ ನಗು ತಡೆಯಲಾಗಲಿಲ್ಲ. ‘ದಡ್ಡ ಶಿಖಾಮಣಿ! ನಾನು ಹೇಳಿಕೊಟ್ಟ ಹಾಗೇ ಕೂಗಿದ್ದಾನೆ. ಅಂದರೆ ಬಂದಿರುವುದು ಚಿರತೆ. ಪಾಪ, ಇವರೆಲ್ಲ ಪೊದೆಯೊಳಗೆ ಕೂತು ಅದಕ್ಕೆ ಊಟವಾಗುತ್ತಾರೆ.’ ಪಾಪ ಎನ್ನಲು ಅವನಿಗೆ ಪುರುಸೊತ್ತಿತ್ತು. ಕೂಗಿ ಎಚ್ಚರಿಸಲು ಇರಲಿಲ್ಲ. ಸರಸರನೆ ಮರ ಹತ್ತಿ, ತಮಾಷೆ ಚೆನ್ನಾಗಿ ಕಾಣಲೆಂದು ತುದಿಯಲ್ಲೇ ಕೂತ.

ಇಷ್ಟು ಮರ್ಯಾದೆಯಿಂದ ತಾನಾಗಿ ಎದುರುಗೊಂಡ ಊಟವನ್ನು ಹದ್ದು ಹಿಂದೆಂದೂ ಕಂಡಿರಲಿಲ್ಲ. ಸರ್ರನೆ ಎರಗಿತು. ಚಟಾಕಿ ಒದ್ದಾಡಿ ಬಿಡಿಸಿಕೊಂಡು ಪೊದೆಯ ಮೇಲೆ ದೊಪ್ಪನೆ ಬಿದ್ದ. ಅವನ ಬಾಲ ಮಾತ್ರ ಹದ್ದಿನ ಜೊತೆ ಹೋಯಿತು.

“ಲೋ ದುಂಡಿ!” ನೋವಿನಲ್ಲಿ ಚಟಾಕಿ ಕಿರುಚಿದ. “ಹದ್ದಿಗೆ ಹೂಪ್ ಅಂತಲ್ಲವೇನೋ ನಾನು ಹೇಳಿಕೊಟ್ಟದ್ದು?”

ಶಾಲೆಗೆ ಶಾಲೆಯೇ ಅವನತ್ತ ತಿರುಗಿತು.

“ಹೌದಣ್ಣಾ, ಅದನ್ನೇ ಕೆಂಚನಿಗೂ ಹೇಳಿಕೊಟ್ಟೆ,” ಎಂದ ದುಂಡಿ. “ಅವನು ಕೇಳಿದ: ‘ಹದ್ದು ಬರುವುದೇ ಮೇಲಿನಿಂದ. ಹೂಪ್ ಅಂದರೆ ಎಲ್ಲರೂ ಮೇಲೆ ಹತ್ತುತ್ತಾರೆ. ನಾವೇ ಹೋಗಿ ಅದರ ಕೈಗೆ ಸಿಗೋದಾ?’ ಇಬ್ಬರೂ ಕೂತು ಯೋಚಿಸಿದಾಗ ಟೀಚರು ಹೇಳಿದ್ದೇ ಸರಿ ಅಂತ ಹೊಳೆಯಿತು. ಆಮೇಲೆ ಮರೆಯಲೇ ಇಲ್ಲ.”

ಕೆಂಚ ತಲೆಯಾಡಿಸಿದ. ಈ ಸಲ ಅರ್ಥವಾಗಿಯೇ ಆಡಿಸಿದ.

ಆಮೆ ಟೀಚರು ನಿಧಾನಕ್ಕೆ ತಲೆ ಹೊರಹಾಕಿದರು. “ದುಂಡಿ ಪಾಸು, ಕಾವಲೂ ಅವನದೇ. ಕೆಂಚನೂ ಪಾಸು. ಚಟಾಕಿ, ನಾಳೆಯಿಂದ ನೀನು ಕೆಂಚನ ಹತ್ತಿರ ಪಾಠಕ್ಕೆ ಕೂತುಕೋಪ್ಪ. ಈಗ ನಿನಗೆ ಜಾಗವೂ ಸ್ವಲ್ಪವೇ ಸಾಕು.”

ನೀತಿ: ಮನಸ್ಸಿಟ್ಟು ಜೊತೆಯವರಿಗೆ ಹೇಳಿಕೊಟ್ಟರೆ ಹೇಳಿಕೊಟ್ಟವರೂ ಕಲಿಯುತ್ತಾರೆ, ಬೇಕೆಂದೇ ತಪ್ಪು ಕಲಿಸಿದವರು ತಮ್ಮ ಪಾಠಕ್ಕೆ ತಾವೇ ಬಲಿಯಾಗುತ್ತಾರೆ.